ಕಲ್ಯಾಣದ ಆ ಒಂದು ಲಗ್ನ

ಬಸವ ಜಯಂತಿಯ ದಿನ ವಿಜಯಪುರದ ಬೀದಿಗಳಲ್ಲಿ ಶ್ರೀ ಬಸವೇಶ್ವರರ ಭಾವಚಿತ್ರದ ಮೆರವಣಿಗೆಯು ಪ್ರತಿವರ್ಷವೂ ಹೊರಡುತ್ತದೆ. ಅವರು ನಮ್ಮ ಜಿಲ್ಲೆಯವರೆಂಬ ಅಭಿಮಾನವು ನಮಗೆಲ್ಲರಿಗೂ ಉಂಟು, ಇರತಕ್ಕದ್ದೇ. ಆದರೆ ಆ ಮಹಾನುಭಾವರು ಅಧಿಕಾರವನ್ನೂ ಕಲ್ಯಾಣವನ್ನೂ ಬಿಟ್ಟು ಹೊರಡಬೇಕಾದುದು ಒಂದು ಲಗ್ನದ ನಿಮಿತ್ತವಾಗಿ ಎಂಬ ಸಂಗತಿಯು, ಮಕ್ಕಳ ಲಗ್ನದ ಮಾತಿಗೆ ಕುಳಿತ ನಮ್ಮ ಹಿರಿಯರಲ್ಲಿ ಎಷ್ಟು ಜನರ ನೆನಪಿಗೆ ಬರುತ್ತದೆ?

ಬಾಗೇವಾಡಿಯ ಮಾದರಸ ಮಾದಲಾಂಬೆಯರ ಮಗನಾಗಿ 12ನೆಯ ಶತಮಾನದಲ್ಲಿ ಹುಟ್ಟಿದ ಬಸವಣ್ಣನವರು ಎಳೆಯ ವಯಸ್ಸಿನಲ್ಲಿಯೇ ಉಪನಯನದ ಕಟ್ಟನ್ನು ತೊರೆದು ಕೂಡಲಸಂಗಮವನ್ನು ಸೇರಿದರು. 1260ನೆಯ ಇಸವಿಯ ಅರ್ಜುನವಾಡದ ಶಾಸನದಲ್ಲಿ ಅವರ ಊರಿನ ಮತ್ತು ತಂದೆಯ ಉಲ್ಲೇಖವಿರುವುದರಿಂದ ಇದು ಕೇವಲ ಪುರಾಣದ ಮಾತಲ್ಲ. ತರುವಾಯ ಅವರು ಕಲಚುರ್ಯ ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯ ಪದವಿಗೇರಿದರು. ಸೋದರಮಾವನಾದ ಬಲದೇವನ ಮಗಳು ಗಂಗಾಂಬಿಕೆಯನ್ನು ಅವರು ಕೈಹಿಡಿದರೆಂದು ಪುರಾಣಗಳು ಹೇಳುತ್ತವೆ. ತಮ್ಮ ಸ್ವಂತ ವಿವಾಹದಲ್ಲಿ ಅವರು ನಮ್ಮ ಸೀಮೆಯಲ್ಲಿ ಇಂದಿಗೂ ನಡೆಯುವ ರೂಢಿಯನ್ನೇ ಅನುಸರಿಸಿದರೆಂಬುದು ಕುತೂಹಲದ ಸಂಗತಿಯಾಗಿದೆ.

ಕಲ್ಯಾಣದಲ್ಲಿ ಶರಣರ ಕೂಟವು ಬೆಳೆಯಿತು. ಸಮಗಾರ ಹರಳಯ್ಯನೂ ಬ್ರಾಹ್ಮಣಕುಲದ ಮಧುವರಸನೂ ಒಂದೇ ಪಂಕ್ತಿಯ ಶರಣರಾದರು. ಹರಳಯ್ಯನ ಮಗ ಶೀಲವಂತನಿಗೂ ಮಧುವರಸನ ಮಗಳು ಲಾವಣ್ಯಳಿಗೂ ಲಗ್ನವಾಯಿತು. ಲಿಂಗವು ದೇಹದ ಮೇಲೆ ಬಂದ ಬಳಿಕ ಪೂರ್ವದ ಜಾತಿಯು ಉಳಿಯುವುದಿಲ್ಲವೆಂಬುದು ಶರಣರ ಸಿದ್ಧಾಂತವಾದ ಕಾರಣ, ಅವರ ಪಾಲಿಗೆ ಇದು ಸಂಕರವೇ ಅಲ್ಲ. ಧರ್ಮಶಾಸ್ತ್ರಿಗಳ ದೃಷ್ಟಿಯಾದರೋ ಬೇರೆ. ಮೇಲಿನ ವರ್ಣದ ವರನು ಕೆಳಗಿನ ವಧುವನ್ನು ತರುವ ಅನುಲೋಮವನ್ನು ಅವರು ಹೇಗೋ ಸಹಿಸುತ್ತಿದ್ದರು. ಇದರ ವಿಪರೀತವಾದ ಪ್ರತಿಲೋಮಕ್ಕೆ ಕ್ಷಮೆಯಿರಲಿಲ್ಲ. ವರ್ಣಾಶ್ರಮವು ಕೆಟ್ಟಿತೆಂದು ದೂರು ಹೋಯಿತು. ಬಿಜ್ಜಳನು ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದನೆಂದು ಪರಂಪರೆಯು ಹೇಳುತ್ತದೆ.

ಹರಿಹರನ ರಗಳೆಯಲ್ಲಿ ಈ ಲಗ್ನದ ಪ್ರಸ್ತಾಪವಿಲ್ಲ, ಇದು ಮುಂದಿನ ಪುರಾಣಗಳ ಕಥೆ ಎಂದು ಆಕ್ಷೇಪಿಸುವ ವಿದ್ವಾಂಸರುಂಟು. ಆಕ್ಷೇಪವು ವಿಚಾರಾರ್ಹವೇ ಸರಿ. ಆದರೂ ಕನ್ನಡ ಜನತೆಯು ಶತಮಾನಗಳಿಂದ ಕಲ್ಯಾಣದ ಕ್ರಾಂತಿಗೆ ಬೇರಾವುದನ್ನೂ ಅಲ್ಲ, ಒಂದು ಲಗ್ನವನ್ನೇ ಕಾರಣವೆಂದು ನಂಬಿಕೊಂಡು ಬಂದಿರುವುದು ಸಾಮಾನ್ಯವಾದ ಮಾತಲ್ಲ.

ಈಗ ನಮ್ಮ ಕಡೆಯ ಲಗ್ನಗಳನ್ನು ನೋಡಿರಿ. ಟಿಕೋಟ, ಬಬಲೇಶ್ವರಗಳ ಹಳ್ಳಿಗಳಲ್ಲಿ ಹಿಂದೆ ಮನೆಯ ಮುಂದೆ ಹಂದರ ಹಾಕಿ, ಹಾಲಗಂಬ ನಿಲ್ಲಿಸಿ, ಸುರಗಿ ಸುತ್ತಿ, ವೀರಭದ್ರನ ಗುಗ್ಗಳ ತೆಗೆದು, ದಿನಗಟ್ಟಲೆ ನಡೆಯುತ್ತಿದ್ದ ಕಾರ್ಯವು ಇಂದು ಪಟ್ಟಣದ ಕಲ್ಯಾಣಮಂಟಪದಲ್ಲಿ ಒಂದು ಹಗಲಿನಲ್ಲಿ ಮುಗಿಯುತ್ತದೆ. ಬಾಸಿಂಗವು ಉಳಿದಿದೆ, ಅಕ್ಕಿಕಾಳು ಉಳಿದಿದೆ, ಸಾಲವೂ ಉಳಿದಿದೆ. ವರದಕ್ಷಿಣೆಯನ್ನು 1961ರಲ್ಲಿಯೇ ಕಾಯಿದೆಯು ನಿಷೇಧಿಸಿದ್ದರೂ ವರೋಪಚಾರವೆಂಬ ಸಭ್ಯ ಹೆಸರಿನಿಂದ ಅದು ಬೀಗರ ನಡುವೆ ಕುಳಿತೇ ಇದೆ. ಮಠಗಳ ಸಾಮೂಹಿಕ ವಿವಾಹಗಳೂ, ಪುರೋಹಿತರಿಲ್ಲದೆ ವಚನಗಳನ್ನೋದಿ ನಡೆಸುವ ಲಗ್ನಗಳೂ ಸ್ತುತ್ಯವಾದವು. ಮೈಸೂರು ಸೀಮೆಯಲ್ಲಿ ಕುವೆಂಪು ಅವರು 1966ರಲ್ಲಿ ತಮ್ಮ ಮಗನ ಲಗ್ನವನ್ನು ಮಂತ್ರಮಾಂಗಲ್ಯದ ಸರಳ ಪದ್ಧತಿಯಿಂದ ನೆರವೇರಿಸಿ ಮೇಲ್ಪಂಕ್ತಿ ಹಾಕಿದರು. ಆದರೆ ವಚನವನ್ನೋದಿ ಮಾಡಿದ ಲಗ್ನದಲ್ಲಿಯೂ ಒಳಪಂಗಡವನ್ನು ವಿಚಾರಿಸಿಯೇ ವರನನ್ನು ಗೊತ್ತುಮಾಡುವವರು ವಿಪುಲವಾಗಿದ್ದಾರೆ. ಖರ್ಚನ್ನು ಕಡಿಮೆ ಮಾಡುವುದು ಸುಧಾರಣೆಯೇ ಹೌದು. ಹರಳಯ್ಯ ಮಧುವರಸರು ಪ್ರಾಣ ಕೊಟ್ಟದ್ದು ಮಾತ್ರ ಖರ್ಚಿನ ಸಲುವಾಗಿ ಅಲ್ಲ.

ಭಿನ್ನ ಜಾತಿ, ಉಪಜಾತಿಗಳ ಹಿಂದೂಗಳ ವಿವಾಹವು ಆ ಕಾರಣದಿಂದ ಅಸಿಂಧುವಾಗದೆಂದು ಈ ದೇಶದ ಕಾಯಿದೆಯು ಸಾರಿದ್ದು 1949ರಲ್ಲಿ, ಅಂದರೆ ಕಲ್ಯಾಣದ ಆ ಲಗ್ನದ ಸುಮಾರು 780 ವರ್ಷಗಳ ತರುವಾಯ. ಇಷ್ಟಾದರೂ ಹೀಗೆ ಲಗ್ನವಾದ ಮಕ್ಕಳು ತಂದೆತಾಯಿಗಳಿಗೇ ಅಂಜಿ ಪೊಲೀಸು ಠಾಣೆಯ ಆಶ್ರಯ ಬೇಡುವ ವಾರ್ತೆಗಳು ನಮ್ಮ ನಾಡಿನಲ್ಲಿ ಇನ್ನೂ ನಿಂತಿಲ್ಲ. ಅವರಲ್ಲಿ ಕೆಲವರು ಜೀವಂತ ಉಳಿಯುವುದೂ ಇಲ್ಲ.

ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ತಾವು ಬಾಲ್ಯದಲ್ಲಿ ಆಶ್ರಯ ಪಡೆದ ಸಂಗಮಕ್ಕೇ ಹಿಂದಿರುಗಿದರು. ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುದಿಕ್ಕಿಗೆ ಚದರಿದರು. ಕೃಷ್ಣಾ ಮಲಪ್ರಭೆಗಳು ಕೂಡುವಲ್ಲಿ ಅವರು ಐಕ್ಯರಾದ ಸ್ಥಳಕ್ಕೆ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಬಂದು ನಿಂತಾಗ, ಸುತ್ತಲೂ ಬಾವಿಯಂತೆ ಗೋಡೆಯನ್ನು ಕಟ್ಟಿ ಮಂಟಪವನ್ನು ಕಾಪಾಡಲಾಯಿತು. ಹೊಸದಾಗಿ ಲಗ್ನವಾದ ದಂಪತಿಗಳು ನಮ್ಮ ಸೀಮೆಯಿಂದ ಅಲ್ಲಿಗೆ ಹೋಗಿ, ಮೆಟ್ಟಿಲುಗಳನ್ನಿಳಿದು ದರ್ಶನ ಪಡೆದು ಬರುವುದುಂಟು.