ಯಂತ್ರದ ಹಂಗು ಹರಿದ ಡೆನಿಸ್ ರಿಚಿ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ರೇಷ್ಮೆ ಸೀರೆಯ ಅಂಚಿನ ವಿನ್ಯಾಸವನ್ನು ಬಹುಕಾಲ ಕಾಪಿಟ್ಟದ್ದು ತೂತು ಕೊರೆದ ರಟ್ಟಿನ ಪಟ್ಟಿಗಳು. ಒಂದು ಜಕಾರ್ಡ್‌ನ ಹುಕ್ಕುಗಳ ಲೆಕ್ಕಕ್ಕೆ ಕೊರೆದ ಪಟ್ಟಿ ಬೇರೆ ಲೆಕ್ಕದ ಜಕಾರ್ಡ್‌ಗೆ ಹೊಂದದು, ಹೊಸದಾಗಿ ಕೊರೆಯಬೇಕು. 1960ರ ದಶಕದ ಕಂಪ್ಯೂಟರ್‌ಗಳ ಪಾಡೂ ಹೆಚ್ಚುಕಡಿಮೆ ಇದೇ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಬಹುಪಾಲು ಆ ಯಂತ್ರದೊಡನೆಯೇ ಹುಟ್ಟಿ ಅದರೊಡನೆಯೇ ಮಣ್ಣಾಗುತ್ತಿತ್ತು. ಈ ಹಂಗನ್ನು ಹರಿದವರಲ್ಲಿ ಅಗ್ರಗಣ್ಯರು ಅಮೆರಿಕದ ಡೆನಿಸ್ ರಿಚಿ.

1941ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದ ರಿಚಿ ಅವರಿಗೆ ದೂರವಾಣಿ ಸಂಶೋಧನೆಗೆ ಹೆಸರಾದ ಬೆಲ್ ಪ್ರಯೋಗಾಲಯ ಹೊಸದೇನಾಗಿರಲಿಲ್ಲ. ತಂದೆ ಅಲಿಸ್ಟೇರ್ ಅಲ್ಲಿನ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಅನ್ವಯಿಕ ಗಣಿತ ಓದಿದ ಮಗ 1967ರಲ್ಲಿ ಅದೇ ಪ್ರಯೋಗಾಲಯ ಸೇರಿದರು. ಡಾಕ್ಟರೇಟ್ ಪ್ರಬಂಧ ಬರೆದು ಮುಗಿಸಿದ್ದರೂ ರಟ್ಟು ಕಟ್ಟಿದ ಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸದ ಕಾರಣ ಪದವಿ ಕೈಗೆ ಬರಲಿಲ್ಲ. ಅದಕ್ಕಾಗಿ ಅವರು ಮರುಗಿದಂತೆಯೂ ಕಾಣುವುದಿಲ್ಲ.

ಬೆಲ್ ಪ್ರಯೋಗಾಲಯವು ಮಲ್ಟಿಕ್ಸ್ ಎಂಬ ಭಾರಿ ಯೋಜನೆಯಿಂದ 1969ರಲ್ಲಿ ಹೊರಬಂದಿತು. ಕೆಲಸ ಕೈತಪ್ಪಿದ ಸಹೋದ್ಯೋಗಿ ಕೆನ್ ಥಾಂಪ್ಸನ್, ಮೂಲೆಗುಂಪಾಗಿದ್ದ ಪಿಡಿಪಿ-7 ಯಂತ್ರವೊಂದನ್ನು ಹಿಡಿದು ಸಣ್ಣ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟತೊಡಗಿದರು. ರಿಚಿ ಜತೆಯಾದರು. ಅದೇ ಯುನಿಕ್ಸ್. ಆಗ ಆಜ್ಞೆ ಬರೆಯಲು ಇದ್ದದ್ದು ಟೆಲಿಟೈಪ್. ಸೆಕೆಂಡಿಗೆ ಹತ್ತು ಅಕ್ಷರ ಅಚ್ಚಾದರೆ ಹೆಚ್ಚು. ಕೀಲಿ ಒತ್ತಲು ಬೆರಳಿಗೆ ಬಲ ಬೇಕಿತ್ತು. ಹೀಗಾಗಿ ಕಡತ ನಕಲಿಸಲು ಸಿಪಿ, ಸ್ಥಳಾಂತರಿಸಲು ಎಂವಿ, ಅಳಿಸಲು ಆರ್‌ಎಂ ಎಂಬಂತೆ ಎರಡೆರಡೇ ಅಕ್ಷರದ ಆಜ್ಞೆಗಳು. ಕೆಲಸ ಸುಸೂತ್ರವಾದರೆ ಯಂತ್ರ ತುಟಿ ಬಿಚ್ಚದು. ಆರ್‌ಎಂ ಎಂದು ಬರೆದರೆ ಸಾಮಾನ್ಯವಾಗಿ ಅಳಿಸಲೇ ಎಂದೂ ಕೇಳದು. ಮೊದಲ ಬಾರಿಗೆ ಈ ಕಪ್ಪು ಪರದೆಯೆದುರು ಕುಳಿತವರು ಇಂದಿಗೂ ಗಾಬರಿಯಾಗುವುದು ಈ ಮೌನಕ್ಕೇ.

1972ರ ಹೊತ್ತಿಗೆ ರಿಚಿ, ಥಾಂಪ್ಸನ್ನರ 'ಬಿ' ಭಾಷೆಯನ್ನು ಬೆಳೆಸಿ 'ಸಿ' ಭಾಷೆಯನ್ನು ರೂಪಿಸಿದರು. ಮರುವರ್ಷ ಯುನಿಕ್ಸ್‌ನ ತಿರುಳನ್ನೇ ಸಿ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಅಷ್ಟರಿಂದಲೇ ಯಂತ್ರದ ಹಂಗು ಹರಿಯಲಿಲ್ಲ. 1977ರಲ್ಲಿ ರಿಚಿ ಮತ್ತು ಸ್ಟೀವ್ ಜಾನ್ಸನ್, ಪಿಡಿಪಿ ಯಂತ್ರಗಳಿಗೆ ಸಂಬಂಧವೇ ಇಲ್ಲದ ಇಂಟರ್‌ಡೇಟಾ 8/32 ಯಂತ್ರಕ್ಕೆ ಯುನಿಕ್ಸನ್ನು ಸಾಗಿಸುವ ಕೆಲಸಕ್ಕೆ ಕೈಹಾಕಿದರು. ಅದು ಕೈಗೂಡಿದಾಗ ತಂತ್ರಾಂಶ ಯಂತ್ರವನ್ನು ಬದಲಿಸಿ ಬದುಕಬಲ್ಲದು ಎಂಬುದು ಸಾಬೀತಾಯಿತು.

ಆದರೆ ಹೀಗೆ ದೀರ್ಘಾಯುಷಿಯಾದ ತಂತ್ರಾಂಶದೊಡನೆ ಅದರ ಕುಂದುಗಳೂ ಬದುಕಿ ಉಳಿದವು. ಇದರ ಬಿಸಿ ರಿಚಿ ಅವರಿಗೇ ಬಹುಬೇಗ ತಟ್ಟಿತು.

ಬಿ ಭಾಷೆಯಲ್ಲಿ ಆಂಪರ್ಸ್ಯಾಂಡ್ ಎಂಬ ಒಂದೇ ಚಿಹ್ನೆ ಎರಡು ಕೆಲಸ ಮಾಡುತ್ತಿತ್ತು: ಎರಡು ಷರತ್ತುಗಳನ್ನು ಜೋಡಿಸುವುದು, ಸಂಖ್ಯೆಗಳ ಬಿಟ್‌ಗಳನ್ನು ತಾಳೆ ಹಾಕುವುದು. ಸಿ ಭಾಷೆಯಲ್ಲಿ ಷರತ್ತುಗಳಿಗಾಗಿ ಜೋಡಿ ಆಂಪರ್ಸ್ಯಾಂಡ್ ಬಂತು. ಆಗಲೇ ಒಂಟಿ ಚಿಹ್ನೆಗೆ ಸಮತೆಯ ಹೋಲಿಕೆಗಿಂತ ಮೇಲಿನ ಆದ್ಯತೆ ಕೊಡಬೇಕಿತ್ತು. ಕೊಟ್ಟರೆ ಆಗಲೇ ಬರೆದಿದ್ದ ಪ್ರೋಗ್ರಾಂಗಳ ಅರ್ಥ ಸದ್ದಿಲ್ಲದೆ ಬದಲಾಗಿಬಿಡುವ ಅಪಾಯ. ಆಗ ಯುನಿಕ್ಸ್ ಇದ್ದದ್ದು ಬೆರಳೆಣಿಕೆಯ ಕಡೆಗಳಲ್ಲಿ. ಅಷ್ಟಕ್ಕೇ ಹಿಂಜರಿದು ರಿಚಿ ಹಳೆಯ ಕ್ರಮವನ್ನೇ ಉಳಿಸಿದರು. ಅದು ತಪ್ಪಾಯಿತೆಂದು ಹತ್ತು ವರ್ಷದ ಬಳಿಕ ಅವರೇ ಒಪ್ಪಿಕೊಂಡರು. ಅಷ್ಟರಲ್ಲಿ ತಿದ್ದುವ ಕಾಲ ಮೀರಿತ್ತು. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ ಕಲಿಯುವ ಹುಡುಗ ಹುಡುಗಿಯರು ಆ ಜಾಗದಲ್ಲಿ ಆವರಣ ಚಿಹ್ನೆ ಹಾಕಲು ಮರೆತು ಲೆಕ್ಕ ತಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ.

ಯುನಿಕ್ಸ್ ಮನೆ ಮುರಿದ ಕಥೆ ಬೇರೆಯದೇ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಒಂದು ಕವಲನ್ನು ಬೆಳೆಸಿದರೆ, ಎಟಿ ಅಂಡ್ ಟಿ ಕಂಪನಿ 1983ರಲ್ಲಿ ಸಿಸ್ಟಂ ಫೈವ್ ಎಂಬ ಇನ್ನೊಂದನ್ನು ಮಾರುಕಟ್ಟೆಗೆ ತಂದಿತು. ಪದಗಳನ್ನು ಪರದೆಗೆ ಬರೆಯುವ ಎಕೋದಂಥ ಬಡಪಾಯಿ ಆಜ್ಞೆಯೂ ಜಗಳದಿಂದ ಪಾರಾಗಲಿಲ್ಲ. ಸಾಲು ಮುರಿಯಬಾರದು ಎಂದು ಹೇಳಲು ಒಂದರಲ್ಲಿ ಮೈನಸ್ ಎನ್, ಇನ್ನೊಂದರಲ್ಲಿ ಹಿಂಗೆರೆಯ ಜತೆ ಸಿ. 1988ರಲ್ಲಿ ಬಂದ ಪಾಸಿಕ್ಸ್ ಮಾನಕ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಹೊರಟಿತಾದರೂ ಎಕೋ ವ್ಯಾಜ್ಯ ಪೂರ್ತಿ ಇತ್ಯರ್ಥವಾಗಲಿಲ್ಲ. ಪ್ರಿಂಟ್‌ಎಫ್ ಎಂಬ ಬೇರೆ ಆಜ್ಞೆಯನ್ನು ಬಳಸುವುದೇ ಕ್ಷೇಮ ಎಂಬುದು ಅನುಭವಿಗಳ ಮತ.

ಯುನಿಕ್ಸ್‌ನ ದಾರಿಯಲ್ಲೇ ನಡೆದು, ಬಹುಪಾಲು ಸಿ ಭಾಷೆಯಲ್ಲೇ ರಚನೆಯಾದದ್ದು ಲಿನಕ್ಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯೊಡನೆ ರೂಪಿಸಿದ, 2004ರಲ್ಲಿ ಮಾರಾಟಕ್ಕೆ ಬಂದ ಸಿಂಪ್ಯೂಟರ್ ಓಡಿದ್ದು ಅದರ ಮೇಲೆಯೇ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿದವರು ಕಿಸೆಯಿಂದ ತೆಗೆಯುವ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದೂ ಲಿನಕ್ಸೇ.

ಪ್ರಶಸ್ತಿಗಳೇನೋ ಹುಡುಕಿಕೊಂಡು ಬಂದವು. ಥಾಂಪ್ಸನ್ನರ ಜತೆ 1983ರ ಟ್ಯೂರಿಂಗ್ ಪ್ರಶಸ್ತಿ, 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ. ಮಿತಭಾಷಿಯಾಗಿದ್ದ ರಿಚಿ 2007ರಲ್ಲಿ ನಿವೃತ್ತರಾದರು. ಮದುವೆಯಾಗದೆ ಒಂಟಿಯಾಗಿದ್ದ ಅವರು 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಶವವಾಗಿ ಪತ್ತೆಯಾದರು. ಅದಕ್ಕೆ ಒಂದು ವಾರ ಮೊದಲು ಸ್ಟೀವ್ ಜಾಬ್ಸ್ ನಿಧನರಾಗಿದ್ದರು. ಆ ಗದ್ದಲದಲ್ಲಿ ಈ ಸಾವಿನ ಸುದ್ದಿ ಒಳಪುಟ ಸೇರಿತು.

1970ರ ದಶಕದ ಆರಂಭದಲ್ಲಿ ಯುನಿಕ್ಸ್‌ನ ಮೊದಲ ಡಿಸ್ಕ್ ತುಂಬಿಹೋದಾಗ, ಉಳಿದ ಪ್ರೋಗ್ರಾಂಗಳನ್ನು ಬಳಕೆದಾರರ ಕಡತಗಳಿದ್ದ ಎರಡನೆಯ ಡಿಸ್ಕಿನ ಯುಎಸ್‌ಆರ್ ಕೋಶಕ್ಕೆ ತುಂಬಲಾಗಿತ್ತು. ಡಿಸ್ಕ್‌ಗಳು ದೊಡ್ಡದಾದರೂ ಒಂದೇ ಬಗೆಯ ಪ್ರೋಗ್ರಾಂಗಳು ಎರಡು ಕಡೆ ಹಂಚಿಕೊಂಡೇ ಉಳಿದಿದ್ದವು. ಫೆಡೋರಾ ಲಿನಕ್ಸ್ ತನ್ನ 17ನೇ ಆವೃತ್ತಿಯಲ್ಲಿ ಅವುಗಳನ್ನು ಒಂದುಗೂಡಿಸಿತು. ಆಗ 2012ರ ಮೇ ತಿಂಗಳು; ರಿಚಿ ತೀರಿಕೊಂಡು ಏಳು ತಿಂಗಳಾಗಿತ್ತು.