ಗಂಧಕಾಮ್ಲದ ಉದ್ಯಮಿ ಆಚಾರ್ಯ ಪ್ರಫುಲ್ಲಚಂದ್ರ ರಾಯ್

ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ನಮ್ಮ ಅಡುಗೆಮನೆಯ ಈ ಹುಳಿಗಳನ್ನು ನಿಸರ್ಗವೇ ಒದಗಿಸುತ್ತದೆ. ಆದರೆ ಗೊಬ್ಬರ, ಬಣ್ಣ, ಔಷಧ, ಬ್ಯಾಟರಿಗಳಿಗೆ ಬೇಕಾದ ಗಂಧಕಾಮ್ಲವನ್ನು ಮನುಷ್ಯನೇ ತಯಾರಿಸಬೇಕು. ಅದನ್ನು ತಯಾರಿಸಲಾರದ ದೇಶಕ್ಕೆ ರಾಸಾಯನಿಕ ಉದ್ಯಮವೇ ಇಲ್ಲವೆಂಬುದನ್ನು ಬಹು ಮೊದಲೇ ಅರಿತವರು ಆಚಾರ್ಯ ಪ್ರಫುಲ್ಲಚಂದ್ರ ರಾಯ್.

ಅವರು 1861ರ ಆಗಸ್ಟ್ 2ರಂದು ಇಂದಿನ ಬಾಂಗ್ಲಾದೇಶದ ಖುಲ್ನಾ ಭಾಗದ ರಾಡುಲಿ ಗ್ರಾಮದಲ್ಲಿ ಜನಿಸಿದರು. 1887ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. ಪದವಿ ಪಡೆದು, 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಸಂಬಳ ತಿಂಗಳಿಗೆ 250 ರೂಪಾಯಿ.

1892ರಲ್ಲಿ ಅವರು ಹೂಡಿದ ಬಂಡವಾಳ ಸುಮಾರು 700 ರೂಪಾಯಿ. ಮೂರು ತಿಂಗಳ ಸಂಬಳಕ್ಕೂ ಕಡಿಮೆಯಾದ ಈ ಹಣದಿಂದ ಬಾಡಿಗೆ ಮನೆಯಲ್ಲೇ ಬೆಂಗಾಲ್ ಕೆಮಿಕಲ್ ಆರಂಭವಾಯಿತೆಂದರೆ ಲೆಕ್ಕಪತ್ರ ಬಲ್ಲ ನಮಗೆ ಅಚ್ಚರಿಯೇ. ನಿಂಬೆರಸದಿಂದ ಸಿಟ್ರಿಕ್ ಆಮ್ಲ ತೆಗೆಯುವ ಪ್ರಯತ್ನ ಲಾಭ ತರಲಿಲ್ಲ. ಬಳಿಕ ಕಸಾಯಿಖಾನೆಯ ಮೂಳೆಗಳನ್ನು ಸುಟ್ಟು, ಬೂದಿಗೆ ಗಂಧಕಾಮ್ಲ ಬೆರೆಸಿ, ಸೋಡಾ ಸೇರಿಸಿ, ಔಷಧಕ್ಕೆ ಬೇಕಾದ ಸೋಡಿಯಂ ಫಾಸ್ಫೇಟ್ ತಯಾರಿಸಿದರು. ಮಾಳಿಗೆಯ ಮೇಲೆ ಒಣಹಾಕಿದ ಹಸಿ ಮೂಳೆಗಳಿಗೆ ಕಾಗೆಗಳು ಮುತ್ತಿದವು; ನೆರೆಹೊರೆಯವರು ತಕರಾರೆತ್ತಿದ್ದರಲ್ಲಿ ತಪ್ಪೇನೂ ಕಾಣದು.

ಈ ಸಾಹಸಕ್ಕೆ ತೆತ್ತ ಬೆಲೆ ದೊಡ್ಡದು. ರಸಾಯನಶಾಸ್ತ್ರ ಕಲಿತು ಜೊತೆಗೂಡಿದ್ದ ತರುಣ ಸತೀಶಚಂದ್ರ ಸಿಂಹ, ಹೈಡ್ರೋಸಯಾನಿಕ್ ಆಮ್ಲದ ವಿಷಕ್ಕೆ ಆಕಸ್ಮಿಕವಾಗಿ ಬಲಿಯಾದರು. ಪಾಲುದಾರರಾಗಿದ್ದ ವೈದ್ಯ ಅಮೂಲ್ಯಚರಣ ಬೋಸರು 1898ರಲ್ಲಿ ಪ್ಲೇಗಿಗೆ ತುತ್ತಾದರು. ಹಗಲು ಪಾಠ, ಸಂಜೆ ಕಾರ್ಖಾನೆ ಎಂದು ರಾಯ್ ಅವರು ಒಬ್ಬರೇ ಹೊಣೆ ಹೊತ್ತರು. ಇದರ ನಡುವೆಯೇ, 1896ರಲ್ಲಿ, ಪಾದರಸದ ಮೇಲೆ ತೆಳುವಾದ ನೈಟ್ರಿಕ್ ಆಮ್ಲ ಸುರಿದು ಮರ್ಕ್ಯುರಸ್ ನೈಟ್ರೈಟಿನ ಹಳದಿ ಹರಳುಗಳನ್ನು ಪಡೆದದ್ದು ಅವರಿಗೆ ವಿಜ್ಞಾನಲೋಕದಲ್ಲಿ ಹೆಸರು ತಂದಿತು.

1901ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. ಮಾಣಿಕ್‌ತಲಾದ ಕಾರ್ಖಾನೆಯಲ್ಲಿ ಗಂಧಕಾಮ್ಲವೂ ತಯಾರಾಗತೊಡಗಿತು. ಗಂಧಕವನ್ನು ಸುಟ್ಟು, ಆ ಹೊಗೆಯನ್ನು ಸೀಸದ ತಗಡು ಹೊದಿಸಿದ ಕೋಣೆಗಳಲ್ಲಿ ನೀರಾವಿಯೊಡನೆ ಕೂಡಿಸುವುದು ಅಂದಿನ ವಿಧಾನ. ಕಬ್ಬಿಣವನ್ನು ತಿನ್ನುವ ಈ ದ್ರಾವಣಕ್ಕೆ ಸೀಸ ಜಗ್ಗದು.

1921ರಲ್ಲಿ, 60 ತುಂಬಿದ ಮೇಲೆ, ತಮ್ಮ ಸಂಬಳವನ್ನು ಕಲ್ಕತ್ತಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೇ ಬಿಟ್ಟುಕೊಟ್ಟರು, 1936ರವರೆಗೆ ದುಡಿದರು. ಅವಿವಾಹಿತರಾಗಿದ್ದ ಅವರ ವಾಸ ವಿಜ್ಞಾನ ಕಾಲೇಜಿನ ಒಂದು ಕೋಣೆಯಲ್ಲಿ. 1944ರ ಜೂನ್ 16ರಂದು ಅಲ್ಲಿಯೇ ಕಾಲವಾದರು.