ತಾಯಿಯ ಪಿಯಾನೋ, ಮಗನ ಗಿಟಾರ್: ನಿಕ್ ಡ್ರೇಕ್ ನೆನಪು

ಬದುಕಿದ್ದಾಗ ಹೊರಬಂದದ್ದು ಮೂರೇ ಆಲ್ಬಂ. ಬಿಡುಗಡೆಯಾದ ಹೊಸತರಲ್ಲಿ ಒಂದೂ ಐದು ಸಾವಿರ ಪ್ರತಿಗಳ ಗಡಿ ಮುಟ್ಟಲಿಲ್ಲ ಎಂಬುದು ಸಾಮಾನ್ಯವಾಗಿ ಹೇಳಲಾಗುವ ಲೆಕ್ಕ. ತಮ್ಮ 26ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ ಇಂಗ್ಲೆಂಡಿನ ಫೋಕ್-ರಾಕ್ ಗಾಯಕ, ಗೀತರಚನೆಕಾರ ನಿಕ್ ಡ್ರೇಕ್ ಅವರಿಗೆ ಇಂದು ಜಗತ್ತಿನಾದ್ಯಂತ ಕೇಳುಗರಿದ್ದಾರೆ. ಅವರ ಸಂಗೀತದ ಹಲವು ಬೇರುಗಳು ಅಂದಿನ ಬ್ರಿಟನ್ನಿನ ಫೋಕ್ ಗಿಟಾರ್ ಪರಂಪರೆಯಲ್ಲಿವೆ. ಆದರೆ ಒಂದು ಬೇರು ಮನೆಯೊಳಗೇ ಇತ್ತು. ಅದು ಹೊರಜಗತ್ತಿಗೆ ಕಾಣಿಸಲು ಅವರು ತೀರಿಕೊಂಡ ಮೇಲೆ ಮೂರು ದಶಕಗಳೇ ಬೇಕಾದವು.

ನಿಕ್ ಹುಟ್ಟಿದ್ದು 1948ರ ಜೂನ್ 19ರಂದು, ಬರ್ಮಾದ ರಂಗೂನಿನಲ್ಲಿ. ತಂದೆ ರಾಡ್ನಿ ಅಲ್ಲಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನಲ್ಲಿ ಎಂಜಿನಿಯರ್. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಸೇನೆ ಬರ್ಮಾಕ್ಕೆ ನುಗ್ಗಿದಾಗ ತಾಯಿ ಮಾಲಿ ದೆಹಲಿಗೆ ಬಂದು ನೆಲೆಸಿದ್ದರು. ಸೋದರಿ ನ್ಯಾನ್ಸಿಯೊಂದಿಗೆ ‘ಲಾಯ್ಡ್ ಸಿಸ್ಟರ್ಸ್’ ಎಂಬ ಹೆಸರಿನಲ್ಲಿ ಅವರು ಆಲ್ ಇಂಡಿಯಾ ರೇಡಿಯೋದಲ್ಲಿ ಹಾಡಿದ್ದುಂಟು. ನಿಕ್ ಅವರ ಅಕ್ಕ, ಮುಂದೆ ನಟಿಯಾಗಿ ಹೆಸರಾದ ಗೇಬ್ರಿಯಲ್, 1944ರಲ್ಲಿ ಲಾಹೋರಿನಲ್ಲಿ ಜನಿಸಿದರು.

1950ರ ದಶಕದ ಆರಂಭದಲ್ಲಿ ಕುಟುಂಬ ಇಂಗ್ಲೆಂಡಿಗೆ ಮರಳಿ ಟ್ಯಾನ್‌ವರ್ತ್-ಇನ್-ಆರ್ಡನ್ ಎಂಬ ಹಳ್ಳಿಯಲ್ಲಿ ನೆಲೆಯೂರಿತು. ಮಾಲಿ ಪಿಯಾನೋ ಮುಂದೆ ಕುಳಿತು ತಾವೇ ರಚಿಸಿದ ಗೀತೆಗಳನ್ನು ಮೆಲುದನಿಯಲ್ಲಿ ಹಾಡುತ್ತಿದ್ದರು. ರಾಡ್ನಿ ಅವನ್ನು ಟೇಪಿಗೆ ಇಳಿಸುತ್ತಿದ್ದರು. ಅವು ಯಾವ ಕಂಪನಿಗಾಗಿಯೂ ಹಾಡಿದವಲ್ಲ. ಆ ಮನೆಯಲ್ಲಿ ಬೆಳೆದ ಬಾಲಕನಿಗೆ ಹಾಡು ಕಟ್ಟುವುದು ನಿತ್ಯದ ಸಂಗತಿಯಾಗಿತ್ತು.

ಶಾಲೆಯಲ್ಲಿ ಪಿಯಾನೋ, ಕ್ಲಾರಿನೆಟ್, ಸ್ಯಾಕ್ಸೊಫೋನ್ ಕಲಿತ ನಿಕ್ ಬಳಿಕ ಗಿಟಾರ್ ಹಿಡಿದರು. ಬರ್ಟ್ ಜಾನ್ಶ್, ಜಾಕ್ಸನ್ ಸಿ. ಫ್ರಾಂಕ್, ಬಾಬ್ ಡಿಲನ್ ಅವರ ಗೀತೆಗಳನ್ನು ಮನೆಯಲ್ಲಿ ನುಡಿಸಿ ಅಭ್ಯಾಸ ಮಾಡಿದರು. ತಂತಿಗಳನ್ನು ರೂಢಿಯ ಶ್ರುತಿಗೆ ಬದಲು ತಮ್ಮದೇ ಶ್ರುತಿಗಳಿಗೆ ಕೂಡಿಸತೊಡಗಿದರು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಯಾಗಿದ್ದಾಗಲೇ ನಿರ್ಮಾಪಕ ಜೋ ಬಾಯ್ಡ್ ಅವರ ಕಣ್ಣಿಗೆ ಬಿದ್ದರು.

1969ರಲ್ಲಿ ಮೊದಲ ಆಲ್ಬಂ ‘ಫೈವ್ ಲೀವ್ಸ್ ಲೆಫ್ಟ್’ ಹೊರಬಂತು. ಸಿಗರೇಟು ಸುತ್ತುವ ಕಾಗದದ ಕಟ್ಟಿನಲ್ಲಿ ಇನ್ನು ಐದೇ ಹಾಳೆ ಉಳಿದಿವೆ ಎಂದು ನೆನಪಿಸುವ ಚೀಟಿಯೇ ಈ ಹೆಸರಿನ ಮೂಲ. ತಂತಿವಾದ್ಯಗಳ ಸಂಯೋಜನೆಗೆ ಗೊತ್ತುಮಾಡಿದ್ದ ಅನುಭವಿಯ ಕೆಲಸ ನಿಕ್‌ಗೆ ಹಿಡಿಸಲಿಲ್ಲ. ಮಿತಭಾಷಿಯಾದ ಅವರು ಅಂದು ಪಟ್ಟುಹಿಡಿದು ಕೇಂಬ್ರಿಜ್ ಗೆಳೆಯ ರಾಬರ್ಟ್ ಕರ್ಬಿಯನ್ನು ಕರೆಸಿಕೊಂಡರು. ‘ರಿವರ್ ಮ್ಯಾನ್’ ಗೀತೆಯ ಹೊಣೆ ಮಾತ್ರ ಹ್ಯಾರಿ ರಾಬಿನ್ಸನ್ ಪಾಲಾಯಿತು. ಐದು ಮಾತ್ರೆಗಳ ಲಯದ ಆ ಗೀತೆಯಲ್ಲಿ ಇಂಗ್ಲಿಷ್ ಸಂಯೋಜಕ ಡೀಲಿಯಸ್‌ನ ಛಾಯೆ ಸ್ಪಷ್ಟ. ಹೀಗೆ ಫೋಕ್ ಗಿಟಾರ್, ಜಾಝ್ ಲಯ, ಶಾಸ್ತ್ರೀಯ ವಾದ್ಯವೃಂದ ಒಂದೇ ಆಲ್ಬಂನಲ್ಲಿ ಬೆರೆತವು.

ಜನ ಮಾತ್ರ ಕಿವಿಗೊಡಲಿಲ್ಲ. ವೇದಿಕೆಯಲ್ಲಿ ಹಾಡಿನಿಂದ ಹಾಡಿಗೆ ಶ್ರುತಿ ಬದಲಿಸುವಷ್ಟರಲ್ಲಿ ಸಭೆ ಹರಟೆಗಿಳಿಯುತ್ತಿತ್ತು. 1970ರ ಹೊತ್ತಿಗೆ ನಿಕ್ ಕಛೇರಿಗಳನ್ನೇ ನಿಲ್ಲಿಸಿದರು. 1971ರಲ್ಲಿ ಬಂದ ‘ಬ್ರೈಟರ್ ಲೇಟರ್’ ಕೂಡ ಸೋತಿತು, ಖಿನ್ನತೆ ಆವರಿಸಿತು.

ಅದೇ ಅಕ್ಟೋಬರಿನ ಎರಡು ರಾತ್ರಿಗಳಲ್ಲಿ ‘ಪಿಂಕ್ ಮೂನ್’ ಧ್ವನಿಮುದ್ರಣಗೊಂಡಿತು. ವಾದ್ಯವೃಂದವಿಲ್ಲ, ಜೊತೆಗಾರರಿಲ್ಲ. ಒಂದು ಕಂಠ, ಒಂದು ಗಿಟಾರ್. ಶೀರ್ಷಿಕೆ ಗೀತೆಗೆ ಮಾತ್ರ ಪಿಯಾನೋದ ನಾಲ್ಕಾರು ಸ್ವರ. ಒಟ್ಟು ಅವಧಿ ಅರ್ಧ ಗಂಟೆಗೂ ಕಡಿಮೆ. 1972ರಲ್ಲಿ ಬಿಡುಗಡೆಯಾದ ಅದೂ ಮಾರಾಟವಾಗಲಿಲ್ಲ. ನಿಕ್ ತಂದೆತಾಯಿಯರ ಮನೆಗೆ ಮರಳಿದರು. 1974ರ ನವೆಂಬರ್ 25ರಂದು ಅಲ್ಲಿಯೇ, ಖಿನ್ನತೆಗೆ ಕೊಟ್ಟಿದ್ದ ಔಷಧದ ಅತಿಸೇವನೆಯಿಂದ ಅಸುನೀಗಿದರು. ವಿಚಾರಣೆ ಅದನ್ನು ಆತ್ಮಹತ್ಯೆ ಎಂದಿತು. ಆ ತೀರ್ಮಾನವನ್ನು ಒಪ್ಪದವರೂ ಇದ್ದಾರೆ.

1999ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತೊಂದು ‘ಪಿಂಕ್ ಮೂನ್’ ಗೀತೆಯನ್ನು ಅಮೆರಿಕದ ಮನೆಮನೆಗೆ ತಲುಪಿಸಿತು. ಮಾರಾಟ ಹಲವು ಪಟ್ಟು ಏರಿತು. ಮನೆಯ ಟೇಪುಗಳ ಸರದಿ ಇನ್ನೂ ತಡವಾಗಿ ಬಂತು. ಮಾಲಿ 1993ರಲ್ಲಿಯೇ ತೀರಿಕೊಂಡಿದ್ದರು. 2007ರಲ್ಲಿ ಅವರ ಎರಡು ಗೀತೆಗಳು ‘ಫ್ಯಾಮಿಲಿ ಟ್ರೀ’ ಸಂಕಲನದಲ್ಲಿ ಸೇರಿದವು. 2013ರಲ್ಲಿ ಅವರದೇ ಆಲ್ಬಂ ಎಲ್ಲರ ಕೈಗೆಟುಕಿತು. ತಗ್ಗಿದ ದನಿ, ಅನಿರೀಕ್ಷಿತ ಸ್ವರಮೇಳ, ದುಃಖವನ್ನು ಕೂಗಿ ಹೇಳದ ಸಂಯಮ: ಮಗನ ಹಾಡಿನಲ್ಲಿ ಕೇಳುಗರು ಮೆಚ್ಚಿದ ಗುಣಗಳೆಲ್ಲ ತಾಯಿಯ ಹಾಡಿನಲ್ಲಿಯೂ ಇದ್ದವು. ಕೊನೆಯ ಆಲ್ಬಂನಲ್ಲಿ ಎಲ್ಲವನ್ನೂ ಕಳಚಿದ ನಿಕ್, ಒಂದು ಕೋಣೆ, ಒಂದು ವಾದ್ಯ, ಒಂದು ದನಿಯ ಆ ಮೊದಲ ಪಾಠಕ್ಕೇ ಮರಳಿದ್ದರು.